ಕಣತಲೆಯ ಮೇಲೆ ಮಿಡಿಯುವ ಬುಗುಟು

ಕಿವಿಯ ತೂತಿನ ಮುಂದೆ, ಕೆನ್ನೆಯ ಎಲುಬು ಬಂದು ಸೇರುವ ಜಾಗದಲ್ಲಿ, ಎರಡು ಬೆರಳ ತುದಿಗಳನ್ನು ಹಗುರವಾಗಿ ಇಟ್ಟು ನೋಡಿ. ಅರ್ಧ ನಿಮಿಷ ಸುಮ್ಮನೆ ಕುಳಿತರೆ ಸಾಕು, ಬೆರಳ ಕೆಳಗೆ ಏನೋ ಮಿಡಿಯುವುದು ಗೊತ್ತಾಗುತ್ತದೆ. ಅದು ನಾಡಿ. ಮಣಿಕಟ್ಟಿನಲ್ಲಿ ವೈದ್ಯರು ಹಿಡಿದು ನೋಡುವ ನಾಡಿಗೂ ಇದಕ್ಕೂ ಒಂದೇ ಲಯ, ಒಂದೇ ಲೆಕ್ಕ. ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ತಲೆಯ ಬಳಿ ಕುಳಿತ ಅರಿವಳಿಕೆ ವೈದ್ಯರು ಇಲ್ಲಿಯೇ ನಾಡಿ ನೋಡುವುದುಂಟು.

ಈ ಮಿಡಿತವನ್ನು ಉಂಟುಮಾಡುವ ರಕ್ತನಾಳ ಎಲ್ಲಿಂದ ಬಂತು? ಕತ್ತಿನ ಎರಡೂ ಬದಿಯಲ್ಲಿ ಒಂದೊಂದು ದೊಡ್ಡ ಅಪಧಮನಿ ಮೇಲೇರುತ್ತದೆ. ದವಡೆಯ ಮಟ್ಟಕ್ಕೆ ಬರುವ ಹೊತ್ತಿಗೆ ಅದು ಎರಡಾಗಿ ಕವಲೊಡೆಯುತ್ತದೆ. ಒಳಗಿನ ಕವಲು ಮಿದುಳಿಗೆ ಹೋಗುತ್ತದೆ. ಹೊರಗಿನ ಕವಲು ಮುಖಕ್ಕೂ ತಲೆಯ ಚರ್ಮಕ್ಕೂ ರಕ್ತ ಒದಗಿಸುತ್ತದೆ. ಈ ಹೊರಗಿನ ಕವಲಿನ ಕೊನೆಯ ಟಿಸಿಲೇ ಕಿವಿಯ ಮುಂದಿನಿಂದ ಹತ್ತಿ, ಹುಬ್ಬಿನ ಕೊನೆಗೂ ಕಿವಿಗೂ ನಡುವೆ ಇರುವ ತಗ್ಗಿಗೆ, ಅಂದರೆ ಕಣತಲೆಗೆ ಬರುತ್ತದೆ. ಅಲ್ಲಿ ಮತ್ತೆ ಎರಡಾಗಿ ಒಂದು ಹಣೆಯ ಕಡೆಗೆ, ಇನ್ನೊಂದು ನೆತ್ತಿಯ ಕಡೆಗೆ ಹೊರಡುತ್ತದೆ. ಅದರ ಅಗಲ ಸುಮಾರು 2 ಮಿಲಿಮೀಟರ್ ಮಾತ್ರ. ವಯಸ್ಸಾದವರ ಕಣತಲೆಯಲ್ಲಿ ಅದು ಚರ್ಮದಡಿ ಡೊಂಕುಡೊಂಕಾಗಿ ಕಾಣುವುದನ್ನು ನೀವು ನೋಡಿರಬಹುದು.

ಇಷ್ಟು ಚಿಕ್ಕ ನಾಳಕ್ಕೆ ಪೆಟ್ಟಾದರೆ ಏನಾಗುತ್ತದೆ? ಬಹಳ ಸಲ ಏನೂ ಆಗುವುದಿಲ್ಲ. ಅಪರೂಪಕ್ಕೊಮ್ಮೆ ಮಾತ್ರ, ಪೆಟ್ಟು ಬಿದ್ದು ಎಲ್ಲರೂ ಮರೆತ ಮೇಲೆ, ಅದೇ ಜಾಗದಲ್ಲಿ ಒಂದು ಬುಗುಟು ಮೇಲೇಳುತ್ತದೆ. ಆ ಬುಗುಟು ಮಿಡಿಯುತ್ತದೆ! ಇದನ್ನೇ ವೈದ್ಯರು 'ಸ್ಯೂಡೋ ಅನ್ಯೂರಿಸಮ್' ಎನ್ನುತ್ತಾರೆ. ಕನ್ನಡದಲ್ಲಿ ಹುಸಿ ಧಮನಿಯುಬ್ಬು ಎನ್ನಬಹುದು. ರೋಗ ಅಪರೂಪದ್ದೇ. ಆದರೆ ಇದನ್ನು ಕುರುವೆಂದು ತಿಳಿದು ಚುಚ್ಚಿದರೆ ಆಗುವ ಅನಾಹುತ ದೊಡ್ಡದು. ಆದ್ದರಿಂದ ಶಾಲೆಗೆ ಹೋಗುವ ಮಕ್ಕಳೂ ಅವರ ತಂದೆತಾಯಿಗಳೂ ಇದನ್ನು ತಿಳಿದಿರುವುದು ಒಳ್ಳೆಯದು.

ಆಟದ ಬಯಲಿನಲ್ಲಿ

ತರೀಕೆರೆ ತಾಲ್ಲೂಕಿನ ಅಮೃತಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುತ್ತ ತೆಂಗು, ಅಡಿಕೆಯ ತೋಟಗಳು. ರಜೆಯ ದಿನ ಬಯಲಿನಲ್ಲಿ ಕ್ರಿಕೆಟ್. ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದ ಹುಡುಗರು ಒಂದು ದಿನ ಗಟ್ಟಿ ಚೆಂಡು ತಂದರೆನ್ನಿ. ಹೆಲ್ಮೆಟ್ ಇರುವುದು ಒಂದೇ, ಅದೂ ಬ್ಯಾಟ್ ಹಿಡಿದವನ ತಲೆಯ ಮೇಲೆ. ಹತ್ತಿರ ನಿಂತು ಕ್ಷೇತ್ರರಕ್ಷಣೆ ಮಾಡುವ ಹುಡುಗನ ಕಣತಲೆಗೆ ಚೆಂಡು ಬಡಿಯಿತು ಎಂದಿಟ್ಟುಕೊಳ್ಳಿ.

ಒಂದು ಸಣ್ಣ ಲೆಕ್ಕ ಮಾಡಿ. ಕ್ರಿಕೆಟ್ ಚೆಂಡಿನ ತೂಕ 156ರಿಂದ 163 ಗ್ರಾಂ. 160 ಗ್ರಾಂ ಎಂದು ಹಿಡಿಯೋಣ. ಅದು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 32 ಜೂಲ್. ಒಂದೂವರೆ ಕಿಲೋ ತೂಕದ ತೆಂಗಿನಕಾಯಿ ಎರಡು ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ತಲೆಯ ಮೇಲೆ ಬಿದ್ದಂತೆ! ಅಷ್ಟೂ ಶಕ್ತಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಎರಗುತ್ತದೆ.

ಕಣತಲೆಯ ತಗ್ಗಿನಲ್ಲಿ ಧಮನಿಯ ಕೆಳಗೆ ಮಾಂಸಖಂಡದ ಮೆತ್ತೆ ಇರುತ್ತದೆ. ಆದರೆ ಹಣೆಯ ಕಡೆಗೆ ಹೋಗುವ ಕವಲು ಆ ಮೆತ್ತೆಯನ್ನು ದಾಟಿ ಎಲುಬಿನ ಒಂದು ಏಣನ್ನು ಹತ್ತಬೇಕು. ಹಣೆಯ ಪಕ್ಕದಲ್ಲಿ ಬೆರಳಾಡಿಸಿದರೆ ಆ ಏಣು ಕೈಗೆ ಸಿಗುತ್ತದೆ. ಅಲ್ಲಿ ಧಮನಿ ಅತ್ತಿತ್ತ ಸರಿಯಲಾರದು. ಕೆಳಗೆ ಎಲುಬು, ಮೇಲೆ ಚೆಂಡು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅದರದು. ಅದರ ಗೋಡೆ ಒಂದು ಕಡೆ ಬಿರಿಯುತ್ತದೆ. ಹೊರಗಿನ ಚರ್ಮಕ್ಕೆ ಗೀರೂ ಬೀಳದಿರಬಹುದು.

ಮೊಂಡು ಪೆಟ್ಟೇ ಈ ತೊಂದರೆಯ ಮುಖ್ಯ ಕಾರಣ. ಚೆಂಡು, ಹಾಕಿ ಕೋಲು, ಬೈಕಿನಿಂದ ಬಿದ್ದ ಪೆಟ್ಟು, ಕಂಬಕ್ಕೆ ಹಾಯ್ದದ್ದು, ಜಗಳದ ಗುದ್ದು ಎಲ್ಲವೂ ಇದರಲ್ಲಿ ಸೇರುತ್ತವೆ. ಗಾಜು, ಕತ್ತಿಯಂಥ ಹರಿತವಾದ ವಸ್ತುಗಳ ಗಾಯದಿಂದಲೂ ಆಗಬಹುದು. ಕೆಲವೊಮ್ಮೆ ತಲೆಯ ಶಸ್ತ್ರಚಿಕಿತ್ಸೆಯ ಅಥವಾ ಈಚಿನ ಕೂದಲು ನಾಟಿಯ ನಂತರವೂ ಕಾಣಿಸಿಕೊಂಡದ್ದುಂಟು. ತಲೆಯ ಹಿಂಭಾಗದ ಧಮನಿಯಲ್ಲಿಯೂ ಇದೇ ರೀತಿ ಆಗಬಹುದು, ಆದರೆ ಕಣತಲೆಯೇ ಇದರ ಹೆಚ್ಚಿನ ತಾಣ. ಆಟ, ಓಡಾಟ, ವಾಹನ ಹೆಚ್ಚಿರುವ ಹರೆಯದ ಹುಡುಗರಲ್ಲಿ ಇದು ಹೆಚ್ಚಾಗಿ ಕಂಡುಬರುವುದು ಸಹಜವೇ.

ನಿಜವಾದ ಉಬ್ಬು, ಹುಸಿ ಉಬ್ಬು

ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಒಳಗಿನದು ನುಣುಪು, ನಡುವಿನದು ಸ್ನಾಯು ಮತ್ತು ಹಿಗ್ಗುವ ಎಳೆಗಳದು, ಹೊರಗಿನದು ಗಟ್ಟಿ ನಾರಿನದು. ಮೂರೂ ಪದರಗಳು ದುರ್ಬಲವಾಗಿ ನಾಳವೇ ಉಬ್ಬಿದರೆ ಅದು ನಿಜವಾದ ಧಮನಿಯುಬ್ಬು. ಸೈಕಲ್ಲಿನ ಹಳೆಯ ಟ್ಯೂಬು ಒಂದು ಕಡೆ ತೆಳ್ಳಗಾಗಿ ಗುಳ್ಳೆಯಂತೆ ಉಬ್ಬುತ್ತದಲ್ಲ, ಹಾಗೆ.

ಹುಸಿ ಉಬ್ಬಿನ ಕಥೆ ಬೇರೆ. ಅಡಿಕೆ ತೋಟದಲ್ಲಿ ನೆಲದೊಳಗೆ ಹೂತ ನೀರಿನ ಪೈಪಿಗೆ ಗುದ್ದಲಿ ತಗುಲಿ ಸಣ್ಣ ತೂತಾಯಿತೆನ್ನಿ. ನೀರು ಹೊರಕ್ಕೆ ಚಿಮ್ಮಿ ಸುತ್ತಲ ಮಣ್ಣನ್ನು ತಳ್ಳಿ ಒಂದು ಪೊಳ್ಳು ಮಾಡಿಕೊಳ್ಳುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ನೀರು ಮೇಲೆ ಬಾರದೆ ಅಲ್ಲಿಯೇ ನಿಲ್ಲುತ್ತದೆ. ಆ ಪೊಳ್ಳಿನ ಗೋಡೆ ಪೈಪಿನದಲ್ಲ, ಮಣ್ಣಿನದು. ಹಾಗೆಯೇ ಧಮನಿಯಿಂದ ಹೊರಬಂದ ರಕ್ತ ಸುತ್ತಲ ಅಂಗಾಂಶದಲ್ಲಿ ಜಾಗ ಮಾಡಿಕೊಳ್ಳುತ್ತದೆ. ಹೊರಗಿನ ಅಂಚು ಹೆಪ್ಪುಗಟ್ಟಿ, ಕ್ರಮೇಣ ನಾರಿನ ಚೀಲವಾಗುತ್ತದೆ. ಒಳಗೆ ಮಾತ್ರ ರಕ್ತ ದ್ರವವಾಗಿಯೇ ಉಳಿದು, ಹೃದಯದ ಪ್ರತಿ ಬಡಿತಕ್ಕೂ ತೂತಿನ ಮೂಲಕ ಒಳಗೆ ಹೋಗಿ, ಬಡಿತದ ಬಿಡುವಿನಲ್ಲಿ ಹೊರಗೆ ಬರುತ್ತದೆ. ಚೀಲಕ್ಕೆ ಧಮನಿಯ ಗೋಡೆ ಇಲ್ಲ. ಅದಕ್ಕೇ 'ಹುಸಿ' ಎಂಬ ಹೆಸರು.

ಪೂರ್ತಿ ತುಂಡಾದ ಧಮನಿಯ ತುದಿಗಳು ಕುಗ್ಗಿ ಮುಚ್ಚಿಕೊಳ್ಳಲು ಯತ್ನಿಸುತ್ತವೆ. ಅರ್ಧ ಹರಿದ ಧಮನಿಗೆ ಅದೂ ಸಾಧ್ಯವಿಲ್ಲ. ಉಳಿದ ಅರ್ಧ ಗೋಡೆ ತೂತನ್ನು ಎಳೆದು ತೆರೆದೇ ಇಡುತ್ತದೆ. ಮೊದಲ ಕೆಲವು ದಿನ ಹೆಪ್ಪು ಆ ತೂತಿಗೆ ಬೆಣೆಯಾಗಿ ನಿಂತಿರುತ್ತದೆ. ದೇಹವೇ ಆ ಹೆಪ್ಪನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿದಾಗ ದಾರಿ ತೆರೆಯುತ್ತದೆ. ಆದ್ದರಿಂದಲೇ ಬುಗುಟು ಪೆಟ್ಟು ಬಿದ್ದ ದಿನ ಕಾಣದೆ, ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ನಂತರ ಕಾಣುತ್ತದೆ. ಅಷ್ಟರಲ್ಲಿ ಹುಡುಗನಿಗೂ ಮನೆಯವರಿಗೂ ಚೆಂಡಿನ ನೆನಪು ಹೋಗಿರುತ್ತದೆ!

ರಕ್ತದ ಒತ್ತಡವೇನು ಕಡಿಮೆಯದೆ? 120 ಮಿಲಿಮೀಟರ್ ಪಾದರಸವೆಂದರೆ 1.6 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಈ ಒತ್ತಡ ನಿಮಿಷಕ್ಕೆ ಎಪ್ಪತ್ತು ಸಲ ಚೀಲವನ್ನು ತಳ್ಳುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನ ನಿಯಮವೊಂದು ಹೇಳುವಂತೆ, ಒತ್ತಡ ಅಷ್ಟೇ ಇದ್ದರೂ ಚೀಲದ ತ್ರಿಜ್ಯ ಹೆಚ್ಚಿದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ದೊಡ್ಡದಾದ ಉಬ್ಬು ಇನ್ನೂ ಸುಲಭವಾಗಿ ದೊಡ್ಡದಾಗುತ್ತದೆ, ಒಡೆಯುವ ಭಯವೂ ಬೆಳೆಯುತ್ತದೆ. ಕೆಲವೊಮ್ಮೆ ಒಳಗಿನ ರಕ್ತ ತಾನಾಗಿಯೇ ಹೆಪ್ಪುಗಟ್ಟಿ ಉಬ್ಬು ಅಡಗುವುದೂ ಉಂಟು. ಆದರೆ ಅದನ್ನು ನಂಬಿ ಕೂರುವಂತಿಲ್ಲ.

ಹಳಬರಿಗೂ ತಿಳಿದಿತ್ತು

ಅಮೃತಾಪುರ ಎಂದೊಡನೆ ನೆನಪಾಗುವುದು ಅಮೃತೇಶ್ವರ ದೇವಾಲಯ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಅದರ ತೆರೆದ ಮಂಟಪದ ಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳನ್ನು ಹೇಳುವ 140 ಶಿಲ್ಪಫಲಕಗಳಿವೆ. ಆ ಕಥೆಗಳಲ್ಲಿ ಬಾಣ, ಗದೆ, ಕತ್ತಿಗಳಿಗೆ ಕಡಿಮೆಯಿಲ್ಲ. ಕಟ್ಟಿಸಿದವನೂ ದಂಡನಾಯಕನೇ. ಯುದ್ಧ ಕಂಡ ನಾಡಿನಲ್ಲಿ ಗಾಯದ ವಿದ್ಯೆಯೂ ಬೆಳೆದಿರಲೇಬೇಕಲ್ಲವೆ?

ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಸ್ಥಾನಗಳನ್ನು ಎಣಿಸುತ್ತದೆ. ಕಣತಲೆಯ ಮರ್ಮಕ್ಕೆ ಅದು 'ಶಂಖ' ಎಂದು ಹೆಸರಿಟ್ಟು, ಪೆಟ್ಟಾದರೆ ಬೇಗನೆ ಪ್ರಾಣ ತೆಗೆಯುವ ಮರ್ಮಗಳ ಗುಂಪಿಗೆ ಸೇರಿಸಿದೆ. ಆ ಎಚ್ಚರಿಕೆಗೆ ಕಾರಣ ಇಂದು ಸ್ಪಷ್ಟವಾಗಿದೆ. ಕಣತಲೆಯಲ್ಲಿ ತಲೆಬುರುಡೆ ಬಹಳ ತೆಳು. ಅದರ ಒಳಬದಿಗೆ ಅಂಟಿಕೊಂಡು ಇನ್ನೊಂದು ಧಮನಿ ಹರಿಯುತ್ತದೆ. ಎಲುಬು ಬಿರಿದು ಆ ಒಳಗಿನ ಧಮನಿ ಹರಿದರೆ ರಕ್ತ ಬುರುಡೆಯೊಳಗೇ ಸೇರಿ ಮಿದುಳನ್ನು ಅದುಮುತ್ತದೆ. ಇದು ಹುಸಿ ಉಬ್ಬಿನಂತೆ ವಾರಗಟ್ಟಲೆ ಕಾಯುವುದಿಲ್ಲ, ಗಂಟೆಗಳಲ್ಲಿ ಜೀವಕ್ಕೆ ಎರವಾಗುತ್ತದೆ.

1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಆಡುತ್ತಿದ್ದ ಭಾರತದ ಆಟಗಾರ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಬ್ಯಾಟುಗಾರನ ಹತ್ತಿರ ನಿಂತಿದ್ದಾಗ ಚೆಂಡು ಕಣತಲೆಗೆ ಬಡಿಯಿತು. ಅವರು ನಡೆದುಕೊಂಡೇ ಮೈದಾನದಿಂದ ಹೊರಗೆ ಹೋದರು. ಆಮೇಲೆ ಸ್ಥಿತಿ ಕೆಟ್ಟು, ಮೂರು ದಿನಗಳಲ್ಲಿ ತೀರಿಕೊಂಡರು. ಎದ್ದು ನಡೆದ ಎಂದ ಮಾತ್ರಕ್ಕೆ ಪೆಟ್ಟು ಸಣ್ಣದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2002ರಲ್ಲಿ ಆಂಟಿಗುವಾದಲ್ಲಿ ನಮ್ಮ ಅನಿಲ್ ಕುಂಬ್ಳೆ ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು ಬೌಲಿಂಗ್ ಮಾಡಿ ಬ್ರಯನ್ ಲಾರಾ ಅವರನ್ನು ಔಟ್ ಮಾಡಿದ ಕಥೆ ಮಕ್ಕಳಿಗೆಲ್ಲ ಗೊತ್ತು. ಅದರ ಮುಂದಿನ ಭಾಗ ಅಷ್ಟು ಜನಕ್ಕೆ ನೆನಪಿಲ್ಲ: ಅವರು ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಧೈರ್ಯವಂತರೂ ವೈದ್ಯರ ಬಳಿ ಹೋಗುತ್ತಾರೆ.

ಗುರುತಿಸುವುದು ಹೇಗೆ?

ತಲೆಯ ಮೇಲಿನ ಗಂಟುಗಳೆಲ್ಲ ಧಮನಿಯುಬ್ಬಲ್ಲ. ಕೊಬ್ಬಿನ ಗಂಟು, ಎಣ್ಣೆಗ್ರಂಥಿಯ ಗಂಟು, ಕೀವಿನ ಕುರು, ಬರಿಯ ಹೆಪ್ಪುಗಟ್ಟಿದ ರಕ್ತ ಇವೇ ಹೆಚ್ಚು. ಹುಸಿ ಉಬ್ಬಿಗೆ ಕೆಲವು ವಿಶೇಷ ಲಕ್ಷಣಗಳಿವೆ. ಅದು ನಾಡಿಯೊಡನೆ ಮಿಡಿಯುತ್ತದೆ. ಅದರ ಎರಡು ಪಕ್ಕಗಳಲ್ಲಿ ಒಂದೊಂದು ಬೆರಳನ್ನು ಮೆಲ್ಲಗೆ ಇಟ್ಟರೆ ಪ್ರತಿ ಮಿಡಿತಕ್ಕೂ ಬೆರಳುಗಳು ದೂರ ಸರಿಯುತ್ತವೆ. ಕಿವಿಯ ಮುಂದೆ ಧಮನಿಯನ್ನು ಒತ್ತಿ ಹಿಡಿದರೆ ಮಿಡಿತ ತಗ್ಗುತ್ತದೆ. ಸ್ಟೆತಸ್ಕೋಪಿನಲ್ಲಿ ಸುಯ್ ಎಂಬ ಸದ್ದು ಕೇಳಬಹುದು. ಕೆಲವರಿಗೆ ತಲೆನೋವು, ಕಿವಿಯಲ್ಲಿ ಮೊರೆತ ಇರುತ್ತದೆ. ಹಲವರಿಗೆ ನೋವೇ ಇರುವುದಿಲ್ಲ. ಒಳಗೆ ಹೆಪ್ಪು ತುಂಬಿಕೊಂಡ ಉಬ್ಬು ಮಿಡಿಯದೆ ಇರುವುದೂ ಉಂಟು. ಆದ್ದರಿಂದ ಪೆಟ್ಟಿನ ನಂತರ ಎದ್ದ ಗಂಟು ಮಿಡಿಯದಿದ್ದರೂ ವೈದ್ಯರಿಗೆ ತೋರಿಸಬೇಕು.

ವೈದ್ಯರು ಇದನ್ನು ಡಾಪ್ಲರ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ತರೀಕೆರೆ ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲಿನ ಸೀಟಿಯನ್ನು ಗಮನಿಸಿದ್ದೀರಾ? ರೈಲು ಹತ್ತಿರ ಬರುವಾಗ ಸ್ವರ ಏರು, ದಾಟಿ ಹೋಗುವಾಗ ಇಳಿ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ವವಿದು. ಕಿವಿಗೆ ಕೇಳದ ಶ್ರವಣಾತೀತ ಧ್ವನಿಯನ್ನು ಉಬ್ಬಿನೊಳಗೆ ಹಾಯಿಸಿದಾಗ, ಯಂತ್ರದ ಕಡೆಗೆ ಬರುವ ರಕ್ತವೂ ದೂರ ಹೋಗುವ ರಕ್ತವೂ ಬೇರೆಬೇರೆ ಆವರ್ತದ ಪ್ರತಿಧ್ವನಿ ಕೊಡುತ್ತವೆ. ಪರದೆಯ ಮೇಲೆ ಒಂದು ಕೆಂಪಾಗಿ, ಇನ್ನೊಂದು ನೀಲಿಯಾಗಿ ಕಾಣುತ್ತದೆ. ಚೀಲದೊಳಗೆ ಕೆಂಪುನೀಲಿ ಸುಳಿಯಾಡುತ್ತಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಬೇಕಾದರೆ ರಕ್ತನಾಳಗಳ ಸಿಟಿ ಸ್ಕ್ಯಾನ್ ಮಾಡಿಸಿ, ಧಮನಿಯ ದಾರಿಯನ್ನೂ ಎಲುಬು, ಮಿದುಳುಗಳ ಸ್ಥಿತಿಯನ್ನೂ ನೋಡುತ್ತಾರೆ.

ಅಜ್ಜ ಅಜ್ಜಿಯರ ವಿಷಯದಲ್ಲಿ ಒಂದು ಮಾತು. ಐವತ್ತು ದಾಟಿದವರಿಗೆ ಪೆಟ್ಟಿಲ್ಲದೆಯೇ ಕಣತಲೆಯ ಧಮನಿ ದಪ್ಪವಾಗಿ, ಮುಟ್ಟಿದರೆ ನೋಯುತ್ತ, ಹೊಸದಾಗಿ ತಲೆನೋವು, ಅಗಿಯುವಾಗ ದವಡೆನೋವು ಬಂದರೆ ಅದು ಬೇರೆಯೇ ರೋಗ, ಧಮನಿಯ ಉರಿಯೂತ. ತಡಮಾಡಿದರೆ ಕಣ್ಣು ಹೋಗುವ ಅಪಾಯವಿದೆ. ಕೂಡಲೇ ತೋರಿಸಬೇಕು.

ಚಿಕಿತ್ಸೆ

ಧಮನಿಯನ್ನು ದಾರದಿಂದ ಕಟ್ಟಿ ರಕ್ತ ನಿಲ್ಲಿಸುವ ವಿಧಾನವನ್ನು 16ನೆಯ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯ್ಸ್ ಪಾರೆ ಮತ್ತೆ ಬಳಕೆಗೆ ತಂದ. ಕಣತಲೆಯ ಹುಸಿ ಉಬ್ಬಿಗೆ ಇಂದಿಗೂ ನೆಚ್ಚಿನ ಚಿಕಿತ್ಸೆ ಅದೇ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಚರ್ಮವನ್ನು ಸ್ವಲ್ಪ ಕೊಯ್ದು, ಉಬ್ಬಿನ ಎರಡೂ ಕಡೆ ಧಮನಿಯನ್ನು ಕಟ್ಟಿ, ಚೀಲವನ್ನು ತೆಗೆದುಹಾಕುತ್ತಾರೆ.

ಎರಡೂ ಕಡೆ ಏಕೆ ಕಟ್ಟಬೇಕು? ತಲೆಯ ಚರ್ಮದ ರಕ್ತನಾಳಗಳು ಒಂದಕ್ಕೊಂದು ಬಲೆಯಂತೆ ಹೆಣೆದುಕೊಂಡಿವೆ. ಎಡಗಡೆಯ ನಾಳಗಳಿಗೆ ಬಲಗಡೆಯವುಗಳ ಸಂಪರ್ಕವಿದೆ. ಒಂದೇ ಕಡೆ ಕಟ್ಟಿದರೆ ರಕ್ತ ಬಳಸಿಕೊಂಡು ಬಂದು ಇನ್ನೊಂದು ತುದಿಯಿಂದ ಚೀಲವನ್ನು ತುಂಬುತ್ತದೆ. ಎರಡು ತೂಬುಗಳಿರುವ ಗದ್ದೆಗೆ ಒಂದೇ ತೂಬು ಮುಚ್ಚಿದಂತೆ. ಧಮನಿಯ ಒಂದು ತುಂಡನ್ನೇ ತೆಗೆದರೆ ಚರ್ಮ ಒಣಗುವುದಿಲ್ಲವೆ ಎಂಬ ಪ್ರಶ್ನೆಗೂ ಅದೇ ಬಲೆ ಉತ್ತರ. ಬೇರೆ ನಾಳಗಳು ಆ ಜಾಗಕ್ಕೆ ರಕ್ತ ಒದಗಿಸುತ್ತವೆ. 1967ರಲ್ಲಿ ಜ್ಯೂರಿಕ್‌ನಲ್ಲಿ ಯಾಸರ್ಗಿಲ್ ಎಂಬ ಶಸ್ತ್ರವೈದ್ಯರು ಇದೇ ಕಣತಲೆಯ ಧಮನಿಯನ್ನು ಬುರುಡೆಯೊಳಕ್ಕೆ ತಿರುಗಿಸಿ ಮಿದುಳಿನ ಧಮನಿಗೆ ಜೋಡಿಸಿದರು. ಚರ್ಮ ತನ್ನ ಪಾಲನ್ನು ಬಿಟ್ಟುಕೊಡಬಲ್ಲದು ಎಂಬುದರಿಂದಲೇ ಅದು ಸಾಧ್ಯವಾಯಿತು.

ಬೇರೆ ದಾರಿಗಳೂ ಇವೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿ ಮಾಡಿ ಹೆಪ್ಪುಗಟ್ಟಿಸುವ ಕಿಣ್ವ ಥ್ರಾಂಬಿನ್. ಶ್ರವಣಾತೀತ ಧ್ವನಿಯ ಚಿತ್ರ ನೋಡುತ್ತ ಅದನ್ನು ಚೀಲದೊಳಗೆ ಚುಚ್ಚಿ ಉಬ್ಬನ್ನು ಹೆಪ್ಪುಗಟ್ಟಿಸಬಹುದು. ಧಮನಿಯೊಳಗೆ ಸಣ್ಣ ನಳಿಕೆ ತೂರಿಸಿ ತೂತಿನ ಬಳಿ ಅಡೆಯೊಡ್ಡುವುದೂ ಸಾಧ್ಯ. ಆದರೆ ಹಣೆಯ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕವಿರುವುದರಿಂದ ಹೆಪ್ಪಿನ ಚೂರು ದಾರಿತಪ್ಪಿದರೆ ತೊಂದರೆ. ಯಾವುದು ಸರಿ ಎಂಬುದನ್ನು ರೋಗಿಯನ್ನು ನೋಡಿದ ತಜ್ಞರೇ ತೀರ್ಮಾನಿಸಬೇಕು. ಹುಬ್ಬನ್ನು ಎತ್ತುವ ನರವೂ ಕಣತಲೆಯ ಮೇಲೆಯೇ ಹಾದುಹೋಗುತ್ತದೆ. ಬಲ್ಲವರಲ್ಲದವರು ಅಲ್ಲಿ ಕತ್ತಿ ಆಡಿಸಬಾರದು ಎಂಬುದಕ್ಕೆ ಇದು ಇನ್ನೊಂದು ಕಾರಣ.

ಮನೆಯಲ್ಲಿ ಏನು ಮಾಡಬೇಕು?

ತಲೆಯ ಚರ್ಮದ ರಕ್ತನಾಳಗಳು ಗಟ್ಟಿ ನಾರಿನ ಪದರದಲ್ಲಿ ಸಿಕ್ಕಿಕೊಂಡಿರುವುದರಿಂದ ಕೊಯ್ದಾಗ ಸುಲಭವಾಗಿ ಕುಗ್ಗುವುದಿಲ್ಲ. ಹಾಗಾಗಿ ತಲೆಯ ಗಾಯ ಸಣ್ಣದಾದರೂ ರಕ್ತ ಧಾರೆಯಾಗಿ ಸುರಿಯುತ್ತದೆ. ಗಾಬರಿ ಬೇಡ. ಕೆಳಗೆ ಗಟ್ಟಿ ಎಲುಬಿರುವುದರಿಂದ ಒತ್ತಿ ಹಿಡಿಯುವುದು ಸುಲಭ. ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಇಟ್ಟು, ನಡುನಡುವೆ ತೆಗೆದು ನೋಡದೆ, ಹತ್ತು ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಬೇಕು. ಎಲುಬು ತಗ್ಗಿದಂತೆ ಕಂಡರೆ ಮಾತ್ರ ನಡುವೆ ಒತ್ತಬಾರದು. ಚುಚ್ಚಿಕೊಂಡ ವಸ್ತುವನ್ನು ಕೀಳಬಾರದು. ಮಲೆನಾಡಿನ ಮನೆಗಳಲ್ಲಿ ರಕ್ತ ಕಂಡೊಡನೆ ಕೈ ಹೋಗುವುದು ಕಾಫಿಪುಡಿಯ ಡಬ್ಬಿಗೆ. ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ರಕ್ತ ನಿಲ್ಲಿಸುವುದು ಒತ್ತಡ. ಪುಡಿ ಗಾಯವನ್ನು ಕೊಳೆ ಮಾಡುತ್ತದೆ, ಅಷ್ಟೆ. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ವೈದ್ಯರನ್ನು ಕೇಳಬೇಕು.

ಚರ್ಮ ಒಡೆಯದೆ ಬುಗುಟು ಎದ್ದರೆ ತಣ್ಣೀರ ಬಟ್ಟೆ ಇಡಬಹುದು. "ಏನೂ ಆಗಿಲ್ಲ ಬಿಡೋ ಮಗ, ಎಣ್ಣೆ ಹಚ್ಚಿ ತಿಕ್ತೀನಿ" ಎನ್ನುವ ಅಮ್ಮನ ಪ್ರೀತಿ ದೊಡ್ಡದು, ಆದರೆ ತಿಕ್ಕಬಾರದು. ನೋವಿಗೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು; ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ತಲೆಗೆ ಪೆಟ್ಟು ಬಿದ್ದ ಮೇಲೆ ಪ್ರಜ್ಞೆ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ಮಾತಿನಲ್ಲಿ ತೊದಲು, ಸೆಳವು, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಇವುಗಳಲ್ಲಿ ಒಂದು ಕಂಡರೂ ಒಂದು ಗಳಿಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ವಾರಗಳ ನಂತರ ಏಳುವ ಬುಗುಟಿಗೆ ನಿಯಮ ಒಂದೇ: ಚುಚ್ಚಬೇಡಿ, ಹಿಂಡಬೇಡಿ, ಕುರುವೆಂದು ಯಾರಿಂದಲೂ ಕೊಯ್ಯಿಸಬೇಡಿ. ತರೀಕೆರೆಯ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ ಎರಡು ಮಾತು ಹೇಳಿದರೆ ಸಾಕು. ಒಂದು, "ತಿಂಗಳ ಹಿಂದೆ ಇಲ್ಲಿ ಪೆಟ್ಟು ಬಿದ್ದಿತ್ತು." ಎರಡು, "ಗಂಟು ಮಿಡಿಯುತ್ತದೆ." ಅವರು ಅಗತ್ಯವೆನಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುತ್ತಾರೆ. ಮೊದಲ ಮಾತನ್ನು ಹೇಳದಿದ್ದರೆ ಎಂಥ ವೈದ್ಯರಿಗೂ ದಾರಿ ತಪ್ಪಬಹುದು.

ತಡೆಯುವುದು ಇನ್ನೂ ಸುಲಭ. ಗಟ್ಟಿ ಚೆಂಡಿನಲ್ಲಿ ಆಡುವಾಗ ಬ್ಯಾಟುಗಾರನಿಗೂ ವಿಕೆಟ್ ಕೀಪರನಿಗೂ ಹತ್ತಿರ ನಿಂತವರಿಗೂ ಹೆಲ್ಮೆಟ್ ಇರಬೇಕು. ಇರುವುದು ಒಂದೇ ಎಂದಾದರೆ ಟೆನಿಸ್ ಚೆಂಡೇ ಸಾಕು. ಬೈಕಿನಲ್ಲಿ ಕಣತಲೆ, ಕಿವಿ ಮುಚ್ಚದ ಅರ್ಧ ಹೆಲ್ಮೆಟ್ ಪೊಲೀಸರಿಂದ ಉಳಿಸಬಹುದು, ಪೆಟ್ಟಿನಿಂದ ಉಳಿಸದು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕೆನ್ನುತ್ತದೆ. ಹಿಂದೆ ಕೂತು ಶಾಲೆಗೆ ಹೋಗುವ ಮಗುವೂ ಅದರಲ್ಲಿ ಸೇರಿದೆ.

ಕೊನೆಯದಾಗಿ ತಂದೆತಾಯಿಗಳಿಗೊಂದು ಮಾತು. ಆಡುವಾಗ ಪೆಟ್ಟಾದದ್ದನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ. ಬೈಗುಳದ ಭಯ, ಆಟ ನಿಲ್ಲಿಸಿಯಾರೆಂಬ ಭಯ. ಪೆಟ್ಟಿಗಿಂತ ಆ ಭಯ ದೊಡ್ಡದಾದ ಮನೆಯಲ್ಲಿ ವೈದ್ಯರಿಗೆ ಹೇಳಬೇಕಾದ ಮೊದಲ ಮಾತೇ ಮುಚ್ಚಿಹೋಗುತ್ತದೆ. "ಏನಾಯ್ತು, ಹೇಳು. ಬೈಯೋದಿಲ್ಲ" ಎಂದು ಕೇಳಿ, ಬೈಯದೆಯೂ ಇದ್ದರೆ, ಅರ್ಧ ಚಿಕಿತ್ಸೆ ಅಲ್ಲಿಯೇ ಮುಗಿದಂತೆ.